ಪದಚರ್ಚೆ: ಪೈಪಿನ ಬೇರನ್ನು ಕೀಳುವುದೋ, ಸವರುವುದೋ? ‘ಲೈನಿಂಗ್’ಗೆ ಏನನ್ನೋಣ?

ಗೆಳೆಯರೇ,

ಮನೆ ಕೆಲಸವೊಂದರ ನಡುವೆ ನಾಲ್ಕೈದು ಪದಗಳ ಹತ್ತಿರ ಬಂದು ನಿಂತಿದ್ದೇನೆ. ನಿಮ್ಮ ನೆರವು ಬೇಕು.

ಬೆಂಗಳೂರಿನ ನಮ್ಮ ಮನೆ 1978ರಲ್ಲಿ ಅಪ್ಪ ಕಟ್ಟಿಸಿದ್ದು. ಪಕ್ಕದಲ್ಲೇ ಒಂದು ಅತ್ತಿ ಮರ ಇದೆ. ಅತ್ತಿ ಇದ್ದ ಕಡೆ ನೀರಿರುತ್ತದೆ ಅಂತ ಬಾವಿ ತೋಡುವವರು ಹೇಳುವುದುಂಟು, ಅಲ್ವಾ? ನಮ್ಮ ಮರ ತನಗೆ ಬೇಕಾದ ನೀರನ್ನು ಒಳಚರಂಡಿ ಪೈಪಿನಲ್ಲೇ ಕಂಡುಕೊಂಡಿದೆ. ಬಚ್ಚಲಿನಿಂದ ಮುಂದಿನ ಚೇಂಬರಿನವರೆಗೆ 36 ಅಡಿ ಪೈಪು. ಹಳೆಯ ಕಾಲದ ಮಣ್ಣಿನ ಪೈಪು, ಅಂದರೆ ಕಂದು ಬಣ್ಣದ ಹೊಳಪಿನ ಸ್ಟೋನ್‌ವೇರ್. ಒಂದೊಂದು ತುಂಡು 2 ಅಡಿ. ಹಾಗಾಗಿ 2 ಅಡಿಗೊಂದು ಜಾಯಿಂಟು, ಎಲ್ಲವೂ ಸಿಮೆಂಟು ಮೆತ್ತಿದ್ದು. ಸಿಮೆಂಟು ಕೂದಲೆಳೆಯಷ್ಟು ಬಿಟ್ಟರೂ ಬೇರಿಗೆ ಸಾಕು.

ಸರಿಮಾಡಲು ದಾರಿ ಮೂರ್ನಾಲ್ಕಿವೆ. ಖರ್ಚನ್ನು ನಾನು, ಶಿವಮೊಗ್ಗದಲ್ಲಿರುವ ಅಣ್ಣ ಇಬ್ಬರೂ ಹಂಚಿಕೊಳ್ಳಬೇಕು. ಅಪ್ಪ, ಅಣ್ಣ, ಮೇಸ್ತ್ರಿ ಮೂವರೂ ಓದಿ ತೀರ್ಮಾನ ಮಾಡಲಿ ಅಂತ ಒಂದು ಪುಟ ಕನ್ನಡದಲ್ಲಿ ಬರೆಯಲು ಕೂತೆ. ಮೊದಲ ಸಾಲಿಗೇ ಪೆನ್ನು ನಿಂತಿತು.

ಮೊದಲನೆಯದು, ಬೇರನ್ನು ಏನು ಮಾಡುತ್ತೇವೆ ಅನ್ನುವ ಕ್ರಿಯಾಪದ. ಹೋದ ವರ್ಷ ಪೈಪು ಕಟ್ಟಿಕೊಂಡಾಗ ಪ್ಲಂಬರ್ ಒಬ್ಬರು ಸ್ಪ್ರಿಂಗ್ ಮಷಿನ್ ಹಾಕಿದರು, ಅಂದರೆ ಪೈಪಿನೊಳಗೆ ತಿರುಗುತ್ತಾ ಹೋಗಿ ಬೇರು ಕತ್ತರಿಸುವ ಉದ್ದನೆಯ ಸ್ಪ್ರಿಂಗು. ಆಮೇಲೆ ಅಮ್ಮನಿಗೆ ಹೇಳಿದರು: “ಬೇರೆಲ್ಲಾ ಕಿತ್ತು ಹಾಕಿದ್ದೀನಿ ಕಣಮ್ಮಾ, ಇನ್ನು ತಂಟೆ ಇಲ್ಲ.” ನಾವು ನಂಬಿದೆವು. ಎಂಟು ತಿಂಗಳಿಗೆ ನೀರು ಮತ್ತೆ ಬಚ್ಚಲಿಗೇ ಉಕ್ಕಿತು.

ಎರಡನೇ ಸಲ ತೆಗೆದ ಬೇರನ್ನು ನಾನು ಕೈಯಲ್ಲಿ ಹಿಡಿದು ನೋಡಿದೆ. ಮೂರು ಅಡಿ ಉದ್ದದ ಜಡೆ. ಪೈಪಿನ ದುಂಡು ಆಕಾರ ಅದಕ್ಕೆ ಹಾಗೇ ಬಂದಿತ್ತು. ನೆನೆಸಿದ ತೆಂಗಿನ ನಾರಿನ ಬಣ್ಣ, ತುದಿಯಲ್ಲಿ ಬೆಳ್ಳಗಿನ ಎಳೆ ಬೇರು. ಒಂದು ಕಡೆ ಮಾತ್ರ ಇಡೀ ಜಡೆ ಹೊಲಿಗೆ ದಾರದಷ್ಟು ಸಣ್ಣಗಾಗಿತ್ತು. ಜಾಯಿಂಟಿನ ಬಿರುಕಿನಲ್ಲಿ ತೂರಿದ ಜಾಗ ಅದು. ಆ ದಾರ ತುಂಡಾಗಿತ್ತು, ಅಷ್ಟೇ. ಅದರ ಬುಡ ಪೈಪಿನ ಹೊರಗೆ, ಮಣ್ಣಿನಲ್ಲಿ ಹಾಗೇ ಇದೆ.

ಅಂದರೆ ಇದು ಕೀಳುವುದಲ್ಲ. ‘ಕೀಳು’ ಅಂದರೆ ಬುಡಸಮೇತ ಹೊರಗೆ ಬರಬೇಕು. ಕಳೆ ಕೀಳುತ್ತೇವೆ, ಹಲ್ಲು ಕೀಳುತ್ತೇವೆ. ಕಿತ್ತದ್ದು ಮತ್ತೆ ಬರುವುದಿಲ್ಲ ಅನ್ನುವ ಭರವಸೆ ಆ ಪದದಲ್ಲೇ ಇದೆ. ಮಷಿನ್ ಮಾಡುವ ಕೆಲಸಕ್ಕೆ ನನಗೆ ಹೊಳೆದದ್ದು ‘ಸವರು’. ಬೇಲಿ ಸವರುತ್ತೇವೆ, ಕೊಂಬೆ ಸವರುತ್ತೇವೆ. ಸವರಿದ್ದು ಮತ್ತೆ ಚಿಗುರುತ್ತದೆ ಅಂತ ಸವರುವವರಿಗೂ ಗೊತ್ತು, ಸವರಿಸುವವರಿಗೂ ಗೊತ್ತು. ಆವತ್ತು ಅವರು “ಬೇರು ಸವರಿದ್ದೀನಿ” ಅಂದಿದ್ದರೆ ನಾವು ಆವತ್ತೇ ಮುಂದಿನದನ್ನು ಯೋಚಿಸುತ್ತಿದ್ದೆವು. ಅವರು ಸುಳ್ಳು ಹೇಳಿದರು ಅಂತ ನಾನು ಅನ್ನುತ್ತಿಲ್ಲ. ಬಾಯಿಗೆ ಬಂದ ಪದ ಅದು.

ನನ್ನ ಅನುಮಾನ ಇಷ್ಟು. ‘ಸವರು’ವಿಗೆ ಇನ್ನೊಂದು ಅರ್ಥವೂ ಇದೆಯಲ್ಲ, ಎಣ್ಣೆ ಸವರು, ತಲೆ ಸವರು. ‘ಬೇರಿಗೆ’ ಅಂದರೆ ಏನನ್ನೋ ಹಚ್ಚಿದ ಹಾಗೆ, ‘ಬೇರನ್ನು’ ಅಂದರೆ ಕತ್ತರಿಸಿದ ಹಾಗೆ. ವಿಭಕ್ತಿಯೇ ಕಾಪಾಡುತ್ತದೆ ಅಂತ ನನ್ನ ನಂಬಿಕೆ. ಆದರೆ ಮಾತಿನಲ್ಲಿ ವಿಭಕ್ತಿ ಬಿಟ್ಟು ‘ಬೇರು ಸವರು’ ಅನ್ನುತ್ತೇವೆ. ಆಗಲೂ ಅರ್ಥ ನಿಲ್ಲುತ್ತದೆಯೇ?

ಎರಡನೆಯದು ಜಾಸ್ತಿ ಕಾಡುತ್ತಿರುವುದು: ‘ಲೈನಿಂಗ್’. ಕಂಟ್ರಾಕ್ಟರ್ ಒಬ್ಬರು ಬಂದು, ಅಗೆಯುವುದೇ ಬೇಡ, ಲೈನಿಂಗ್ ಮಾಡೋಣ ಅಂದರು. ಅಪ್ಪ ಅಣ್ಣನಿಗೆ ಫೋನಿನಲ್ಲಿ ಹೇಳಿದ್ದು, “ಹೊಸ ಲೈನು ಹಾಕ್ತಾರಂತೆ ಕಣೋ.” ಅಣ್ಣ ಹೊಸ ಪಿವಿಸಿ ಪೈಪಿನ ಲೆಕ್ಕ ಹಾಕಿಕೊಂಡ. ಮೂರು ದಿನ ಇಬ್ಬರೂ ಬೇರೆ ಬೇರೆ ಕೆಲಸದ ಬಗ್ಗೆ ಮಾತಾಡಿದರು. ‘ಲೈನು’ ನಮ್ಮಲ್ಲಿ ಆಗಲೇ ಪೈಪಿನ ಸಾಲಿಗೆ ನಿಂತ ಪದ. ಅದರ ಪಕ್ಕ ‘ಲೈನಿಂಗ್’ ಬಂದರೆ ಕಿವಿಗೆ ಒಂದೇ.

ಕೆಲಸ ಇದು. ದಪ್ಪ ಬಟ್ಟೆಯ ಚೀಲದಂಥ ಕೊಳವೆಗೆ ಅಂಟು ರಾಳ ಕುಡಿಸುತ್ತಾರೆ. ಅದನ್ನು ಹಳೆಯ ಪೈಪಿನೊಳಗೆ ತೂರಿಸಿ ಗಾಳಿಯಿಂದಲೋ ನೀರಿನಿಂದಲೋ ಉಬ್ಬಿಸುತ್ತಾರೆ. ಬಿಸಿನೀರು, ಹಬೆ ಅಥವಾ ನೇರಳಾತೀತ ಬೆಳಕು ಕೊಟ್ಟರೆ ಅದು ಗಟ್ಟಿಯಾಗಿ ಕೂರುತ್ತದೆ. 1971ರಲ್ಲಿ ಎರಿಕ್ ವುಡ್ ಎಂಬ ಎಂಜಿನಿಯರ್ ಲಂಡನ್ನಿನ ಹ್ಯಾಕ್ನಿಯಲ್ಲಿ ಹಳೆಯ ಇಟ್ಟಿಗೆ ಒಳಚರಂಡಿಗೆ ಮೊದಲು ಇದನ್ನು ಮಾಡಿದ್ದು. ಅವರಿಟ್ಟ ‘ಇನ್‌ಸಿಟುಫಾರ್ಮ್’ ಅನ್ನುವ ಹೆಸರು ಲ್ಯಾಟಿನ್‌ನಿಂದ ಬಂದದ್ದು, ಇದ್ದ ಜಾಗದಲ್ಲೇ ರೂಪ ತಳೆಯುವುದು ಅಂತ. ನಮ್ಮ ‘ಇದ್ದಲ್ಲೇ’ ಎಷ್ಟು ಸಲೀಸಾಗಿ ಹೊಂದುತ್ತದೆ ನೋಡಿ.

ಅಮ್ಮ ವಿವರಣೆ ಕೇಳಿ “ಕಲಾಯಿ ಹಾಕಿದ ಹಾಗೆ” ಅಂದರು. ಕೇಳಿದ ಕೂಡಲೇ ಕಣ್ಣಿಗೆ ಕಟ್ಟುವ ಮಾತು. ಹಿತ್ತಾಳೆ ಪಾತ್ರೆ ಹಾಗೇ ಇರುತ್ತದೆ, ಒಳಗೆ ತವರ ಕೂರುತ್ತದೆ. ಆದರೆ ಕಲಾಯಿಗೆ ಸ್ವಂತ ಬಲ ಇಲ್ಲ. ಪಾತ್ರೆ ಒಡೆದರೆ ಕಲಾಯಿಯೂ ಹೋಯಿತು. ಇಲ್ಲಿ 4 ಇಂಚಿನ ಪೈಪಿನೊಳಗೆ ಸುಮಾರು 3 ಮಿ.ಮೀ. ದಪ್ಪದ ಗಟ್ಟಿ ಕೊಳವೆಯೇ ಆಗುತ್ತದೆ. ಹೊರಗಿನ ಪೈಪು ಮುಂದೆ ಪುಡಿಯಾದರೂ ಒಳಗಿನದು ನಿಲ್ಲುವಂತೆ ದಪ್ಪ ಲೆಕ್ಕ ಹಾಕಿ ಮಾಡುವುದೂ ಉಂಟು. ಮುಖ್ಯವಾಗಿ ನಡುವೆ ಜಾಯಿಂಟಿಲ್ಲ, ಬೇರಿಗೆ ಸಂದಿಲ್ಲ. ದರ್ಜಿಗಳ ‘ಅಸ್ತರು’ ಕೂಡ ಕಲಾಯಿಯ ಹಾಗೇ, ಹೊರಬಟ್ಟೆ ಇಲ್ಲದೆ ಅದಕ್ಕೆ ಕೆಲಸವಿಲ್ಲ. ‘ಒಳಪದರ’ ಅಂದರೆ ಬಣ್ಣ ಬಳಿದಷ್ಟು ತೆಳ್ಳಗೆ ಕೇಳಿಸುತ್ತದೆ. ನಾನು ಸದ್ಯಕ್ಕೆ ‘ಒಳಕೊಳವೆ’ ಅಂತ ಬರೆದಿದ್ದೇನೆ. ‘ಒಳಕೊಳವೆ ಕೂರಿಸುವುದು’.

ಅದು ಗಟ್ಟಿಯಾಗುವುದಕ್ಕೆ ‘ಕ್ಯೂರಿಂಗ್’ ಅಂತ ಬರೆದರೆ ಇನ್ನೊಂದು ತೊಡಕು. ನಮ್ಮ ಮೇಸ್ತ್ರಿಗೆ ಕ್ಯೂರಿಂಗ್ ಅಂದರೆ ಹೊಸ ಗೋಡೆಗೆ ದಿನಾ ನೀರು ಹೊಡೆಯುವುದು. ‘ಹೆಪ್ಪುಗಟ್ಟು’ ಚೆನ್ನಾಗಿದೆ, ಆದರೆ ಹೆಪ್ಪು ಅಂದಾಗ ಮೆತ್ತನೆಯದೇ ಮನಸ್ಸಿಗೆ ಬರುತ್ತದೆ. ‘ಗಟ್ಟಿಗಟ್ಟು’ ಅನ್ನುತ್ತಾರಾ ಯಾರಾದರೂ?

ಹಳೆಯ ಪೈಪನ್ನು ಒಳಗಿಂದಲೇ ಒಡೆಯುತ್ತಾ, ಅದೇ ದಾರಿಯಲ್ಲಿ ಹೊಸ ಪೈಪು ಎಳೆಯುವ ವಿಧಾನವೂ ಇದೆ. ಎರಡೂ ತುದಿಗೆ ಗುಂಡಿ ತೋಡಿದರೆ ಸಾಕು. ‘ಪೈಪ್ ಬರ್ಸ್ಟಿಂಗ್’ ಅನ್ನುವಂತಿಲ್ಲ, ಪೈಪು ಬರ್ಸ್ಟ್ ಆಗಿದೆ ಅನ್ನುವುದು ನಮಗೆ ದೂರು ಕೊಡುವ ಮಾತು. ‘ಒಡೆದೆಳೆತ’ ಅಂತ ಕಟ್ಟಿದ್ದೇನೆ. ನನಗೇ ಅಷ್ಟು ಹಿಡಿಸಿಲ್ಲ. ನಮ್ಮ ಚಿಕ್ಕ ಕೆಲಸಕ್ಕೆ ಅದು ಬೇಕಾಗುವುದೂ ಇಲ್ಲ.

‘ಅಗೆದು ಬದಲಿಸು’ವುದಕ್ಕೆ ಪದದ ಕಷ್ಟ ಇಲ್ಲ. ಜೊತೆಗೆ ಬರುವ ‘ವಾಟ’ದ ಬಗ್ಗೆ ಕೇಳಬೇಕು. ನಮ್ಮ ಮೇಸ್ತ್ರಿ ನೀರು ಹರಿಯುವ ಇಳಿಜಾರಿಗೆ ವಾಟ ಅನ್ನುತ್ತಾರೆ. 4 ಇಂಚಿನ ಪೈಪಿಗೆ 40 ಅಡಿಗೆ 1 ಅಡಿ ವಾಟ ಅನ್ನುವುದು ಹಳೆಯ ಲೆಕ್ಕ. ಕ್ಯಾಮೆರಾ ಬಿಟ್ಟು ನೋಡಿದಾಗ ನಮ್ಮ ಪೈಪು ಮರದ ಹತ್ತಿರ ತಗ್ಗಿದ್ದು ಕಂಡಿತು, ಅಲ್ಲಿ ನೀರು ನಿಂತಿತ್ತು. ಒಳಕೊಳವೆ ಹಳೆಯ ಪೈಪು ಮಲಗಿದ ಹಾಗೇ ಮಲಗುತ್ತದೆ, ಕೆಟ್ಟ ವಾಟವನ್ನು ಸರಿಮಾಡುವುದಿಲ್ಲ. ಹಾಗಾಗಿ ಬಯಲಿನಲ್ಲಿರುವ 28 ಅಡಿಯನ್ನು ಅಗೆದು ಪಿವಿಸಿ ಹಾಕುವುದೇ ಸರಿ ಅಂತ ನನಗನ್ನಿಸಿದೆ. ಉಳಿದ 8 ಅಡಿ ಆಮೇಲೆ ಕಟ್ಟಿದ ರೂಮಿನ ಅಡಿಯಲ್ಲಿದೆ. ಅಲ್ಲಿ ವಾಟ ಚೆನ್ನಾಗಿದೆ, ಪೈಪು ಕುಸಿದಿಲ್ಲ. ಅಷ್ಟಕ್ಕೆ ಬೇರು ಸವರಿ, ತೊಳೆದು, ಒಳಕೊಳವೆ ಕೂರಿಸಬಹುದು. ಮರವನ್ನು ಕಡಿಸುವ ಮಾತು ನಮ್ಮ ಪುಟದಲ್ಲಿ ಇಲ್ಲ. ಕಡಿದರೂ ಬಿರುಕು ಬಿಟ್ಟ ಜಾಯಿಂಟು ಬಿರುಕಾಗಿಯೇ ಇರುತ್ತದೆ.

ಒಂದು ಪದವನ್ನು ಮಾತ್ರ ಬೇಕೆಂದೇ ಬಿಟ್ಟೆ, ‘ಆಳುಗುಂಡಿ’. ರಸ್ತೆಯ ಮ್ಯಾನ್‌ಹೋಲಿಗೆ ಕನ್ನಡದಲ್ಲಿ ಹೀಗೆ ಬರೆಯುತ್ತಾರೆ. ಆಳು ಇಳಿಯುವ ಗುಂಡಿ. ರಕ್ಷಣೆಯ ಸಾಧನಗಳಿಲ್ಲದೆ ಆಳನ್ನು ಹಾಗೆ ಇಳಿಸಿ ಶುಚಿ ಮಾಡಿಸುವುದನ್ನು, ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾನೂನು ತಡೆದಿದೆ. 2023ರ ಕೇಂದ್ರ ಬಜೆಟ್ ಭಾಷಣದಲ್ಲಿ ಮ್ಯಾನ್‌ಹೋಲ್‌ನಿಂದ ಮಷಿನ್‌ಹೋಲ್‌ಗೆ ಹೋಗಬೇಕು ಅಂತ ಹೇಳಿದರು. ಹಾಗಾದರೆ ನಮ್ಮ ಪದದಲ್ಲಿ ಆಳನ್ನು ಯಾಕೆ ಇಳಿಸಿಟ್ಟಿದ್ದೇವೆ? ನಾನು ‘ರಸ್ತೆ ಚೇಂಬರು’ ಅಂತ ಬರೆದೆ.

ಈಗ ಕೇಳಬೇಕಾದ್ದು. ಹುಬ್ಬಳ್ಳಿ-ಧಾರವಾಡದ ಕಡೆ ಗಟಾರ ಅನ್ನುವವರು, ಮೈಸೂರಿನ ಕಡೆ ಮೋರಿ ಅನ್ನುವವರು, ಕರಾವಳಿಯವರು: ನಿಮ್ಮಲ್ಲಿ ಪೈಪಿಗೆ ಬೇರು ‘ಹೊಕ್ಕಿದೆ’ ಅನ್ನುತ್ತಾರೋ, ತುಕ್ಕು ಹಿಡಿದ ಹಾಗೆ ‘ಹಿಡಿದಿದೆ’ ಅನ್ನುತ್ತಾರೋ? ವಾಟಕ್ಕೆ ನಿಮ್ಮ ಮೇಸ್ತ್ರಿಗಳ ಪದ ಯಾವುದು? ‘ಒಳಕೊಳವೆ’ ಓದಿದ ಕೂಡಲೇ ನಿಮಗೆ ಏನು ಕಂಡಿತು? ಭಾನುವಾರ ಅಣ್ಣ ಬರುತ್ತಾನೆ. ಅಷ್ಟರೊಳಗೆ ಪುಟ ತಿದ್ದಿಡಬೇಕು.