ಆಲಮಟ್ಟಿ ಗೇಟು ಕುಂತಲ್ಲೇ ತೆಗಿಯಾಕ ಬರ್ತೈತೇನ್ರಿ?

ಪ್ರಶ್ನೆ (ಬಾಗಲಕೋಟಿ ನವನಗರ, ಕಿರಾಣಿ ಅಂಗಡಿ):
ಸರ, ನಮಸ್ಕಾರ. ನಮ್ಮ ಓಣಿ ಗ್ರೂಪಿನಾಗ ನಿನ್ನೆ ಒಂದು ಆಡಿಯೋ ಬಂದೈತಿ. ವೈರಿ ದೇಶದ ಹ್ಯಾಕರ್‌ಗಳು ಆಲಮಟ್ಟಿಯ 26 ಗೇಟೂ ಒಮ್ಮೆಲೆ ತೆಗೀತಾರಂತ, ರಾತ್ರೋರಾತ್ರಿ ಬಾಗಲಕೋಟಿ ಮುಳಗತೈತಂತ. ನಮ್ಮವ್ವ ಆಗಲೇ ಕಾಗದ-ಪತ್ರ ಚೀಲಕ್ಕ ತುಂಬಿ ಬಾಗಲ ಮುಂದ ಇಟ್ಟಾಳ. ಹಳೇ ಊರಾಗ ಮನಿ ಮುಳುಗಿದ್ದು ಕಂಡಾಕಿ, ನಾವು ಹೇಳಿದ್ದು ಕೇಳವಲ್ಲಳು. ನೀವು ಕಾರ್ಖಾನಿ ಕಂಪ್ಯೂಟರ್ ಕಾಯೋ ಕೆಲಸದಾಗ ಇದ್ದೀರಿ, ಖರೇನೇನ್ರಿ?

ಉತ್ತರ:
ಅವ್ವಾರಿಗೆ ಮೊದಲ ಇಷ್ಟ ಹೇಳ್ರಿ. ಗೇಟ್ ತೆಗದ್ರ ನೀರು ಹೋಗೂದು ಕೆಳಗ, ನಾರಾಯಣಪುರದ ಕಡೆ. ನಾವಿರೂದು ಡ್ಯಾಮಿನ ಮ್ಯಾಲಿನ ಕಡೆ, ಹಿನ್ನೀರಿನ ದಂಡಿಗೆ. ಗೇಟ್ ತೆಗದ್ರ ನಮ್ಮಲ್ಲಿ ನೀರು ಇಳೀತೈತಿ, ಏರೂದಿಲ್ಲ. ಆಡಿಯೋ ಮಾಡಿದಾಂವಗ ಹ್ಯಾಕಿಂಗ್ ಇರಲಿ, ಹೊಳಿ ಯಾವ ಕಡೆ ಹರೀತೈತಿ ಅನ್ನೂದೂ ಗೊತ್ತಿಲ್ಲ.

ಹಂಗಂತ ಪ್ರಶ್ನೆ ತಳ್ಳಿ ಹಾಕೂವಂಥದ್ದಲ್ಲ. 2013ರಾಗ ನ್ಯೂಯಾರ್ಕ್ ರಾಜ್ಯದ ಬೋಮನ್ ಅವೆನ್ಯೂ ಅನ್ನೋ ಸಣ್ಣ ಡ್ಯಾಮಿನ ಕಂಪ್ಯೂಟರಿಗೆ ಇರಾನಿನ ಒಬ್ಬ ಹೊಕ್ಕಿದ್ದ ಅಂತ ಅಮೆರಿಕಾ 2016ರಾಗ ದೋಷಾರೋಪ ಹೊರಿಸ್ತು. ನೀರಿನ ಮಟ್ಟ, ಗೇಟಿನ ಸ್ಥಿತಿ ಎಲ್ಲಾ ಆತಗ ಕಾಣತಿತ್ತು. ಗೇಟ್ ಮಾತ್ರ ಅಲಗಾಡಸೂ ಹಂಗಿರಲಿಲ್ಲ, ಯಾಕಂದ್ರ ರಿಪೇರಿಗಂತ ಅದರ ಜೋಡಣಿ ಮೊದಲ ಬಿಚ್ಚಿಟ್ಟಿದ್ರು! ನಮ್ಮ ಡ್ಯಾಮಿನ ಒಳಗಿನ ವ್ಯವಸ್ಥಾ ಇಂಥಾ ಗ್ರೂಪಿನಾಗ ಬರಿಯೂದು ನನ್ನ ಕೆಲಸಕ್ಕ ಒಪ್ಪೂದಲ್ಲ, ಅದನ್ನ ಯಾರೂ ಕೇಳಬ್ಯಾಡ್ರಿ.

ಪ್ರಶ್ನೆ (ಕೊಲ್ಹಾರ, ಮೋಟರ್ ವೈಂಡಿಂಗ್):
ಡ್ಯಾಮ್ ಬಿಡ್ರಿ. ಕೂಡಗಿಯಾಗ 2400 ಮೆಗಾವ್ಯಾಟಿನ ಪ್ಲಾಂಟ್ ಐತಿ. ಕರೆಂಟಿಗೇ ಕೈ ಹಾಕಿದ್ರ?

ಉತ್ತರ:
ಹಾಕಿದ್ದೈತಿ. 2015ರ ಡಿಸೆಂಬರ್ 23, ಉಕ್ರೇನ್. ಕಂಟ್ರೋಲ್ ರೂಮಿನಾಗ ಆಪರೇಟರ್ ನೋಡ್ತಾನ, ತಾನು ಮೌಸ್ ಮುಟ್ಟಿಲ್ಲ, ಪರದೆ ಮ್ಯಾಲಿನ ಬಾಣ ತಾನ ಸರದು ಹೋಗಿ ಒಂದೊಂದ ಬ್ರೇಕರ್ (ಲೈನಿನ ದೊಡ್ಡ ಸ್ವಿಚ್) ಬಿಚ್ಚಾಕತ್ತೈತಿ. ಸುಮಾರು 2,25,000 ಗ್ರಾಹಕರಿಗೆ ಕರೆಂಟ್ ಹೋತು. ಹ್ಯಾಕರ್‌ಗಳು ಒಳಗ ಹೊಕ್ಕಿದ್ದು ಅವತ್ತಲ್ಲ, ತಿಂಗಳುಗಟ್ಟಲೆ ಮೊದಲ. ಆಫೀಸಿನ ಮಂದಿ ಇಮೇಲ್‌ನಾಗ ಬಂದ ಫೈಲ್ ತೆಗದಿದ್ರು, ಅಷ್ಟ. ದೂರು ಹೇಳೋ ಫೋನಿಗೂ ಸುಳ್ಳು ಕಾಲ್ ಸುರಿದು ಲೈನ್ ಕಟ್ಟಿ ಹಾಕಿದ್ರು. ಕರೆಂಟ್ ವಾಪಸ್ ಬಂದದ್ದು ಹೆಂಗ ಗೊತ್ತೇನು? ಮಂದಿ ಗಾಡಿ ಹತ್ತಿ ಸಬ್‌ಸ್ಟೇಷನ್‌ಗೆ ಹೋಗಿ ಕೈಯಿಂದ ಬ್ರೇಕರ್ ಹಾಕಿದ್ರು. ಆರು ತಾಸಿನೊಳಗ ಮುಗೀತು. ಎಲ್ಲಾ ಕಂಪ್ಯೂಟರಿಗೇ ಒಪ್ಪಿಸಿ ಕುಂತವರಿಗೆ ಆರು ತಾಸು ಸಾಲತಿದ್ದಿಲ್ಲ. ಅದಕ್ಕ ನಾ ಹೋದಲ್ಲೆಲ್ಲಾ ಬಡಕೋತೀನಿ, ಹಳೇ ಮಂದಿ ರಿಟೈರ್ ಆಗೂದ್ರಾಗ ಕೈಯಿಂದ ನಡಸೂದು ಹುಡುಗರಿಗೆ ಕಲಸ್ರಿ ಅಂತ.

ಪ್ರಶ್ನೆ (ಮುಧೋಳ, ಸಕ್ಕರಿ ಕಾರ್ಖಾನಿ):
ನಮ್ಮ ಪಿಎಲ್‌ಸಿಗೆ (ಮಷೀನ್ ನಡಸೋ ಸಣ್ಣ ಕಂಪ್ಯೂಟರ್) ಇಂಟರ್‌ನೆಟ್ಟೇ ಇಲ್ರಿ. ನಮಗೇನ ಅಂಜಿಕಿ?

ಉತ್ತರ:
ಇರಾನಿನ ನತಾಂಜ್ ಅಣು ಕೇಂದ್ರದಾಗೂ ಇರಲಿಲ್ಲ. ಸ್ಟಕ್ಸ್‌ನೆಟ್ ಅನ್ನೋ ಹುಳ, ಅಂದ್ರ ತಾನ ಹರಡೋ ಕೆಟ್ಟ ಪ್ರೋಗ್ರಾಂ, ಪೆನ್‌ಡ್ರೈವ್‌ನಾಗ ದಾಟತಿತ್ತು. ನಿಮ್ಮಲ್ಲಿ ಸಕ್ಕರಿ ಬ್ಯಾರೆ, ಕಾಕಂಬಿ ಬ್ಯಾರೆ ಮಾಡೋ ಸೆಂಟ್ರಿಫ್ಯೂಗಲ್ ಇರತೈತಲ್ಲ, ಅಲ್ಲಿ ಯುರೇನಿಯಂ ಬೇರ್ಪಡಿಸಾಕ ಅದಕ್ಕಿಂತ ಎಷ್ಟೋ ಜೋರ ತಿರುಗೋ ಕೊಳವಿ ಇದ್ದೂ. ಹುಳ ಪಿಎಲ್‌ಸಿ ಒಳಗ ಕುಂತು ಅವುಗಳ ವೇಗ ಏರಸೂದು, ಇಳಸೂದು ಮಾಡ್ತು. ಪರದೆ ಮ್ಯಾಲ ಮಾತ್ರ ಮೊದಲ ರೆಕಾರ್ಡ್ ಮಾಡಿಟ್ಟ ಒಳ್ಳೇ ಅಂಕಿ ತೋರಸ್ತು. ಸಾವಿರದಷ್ಟು ಕೊಳವಿ ಹಾಳಾದೂ ಅಂತ ಅಂದಾಜು. 2010ರಾಗ ಹುಳ ಸಿಕ್ತು. ಅಮೆರಿಕಾ-ಇಸ್ರೇಲ್ ಕೆಲಸ ಅಂತ ಎಲ್ಲಾರೂ ಅಂತಾರ, ಅವರಿಬ್ಬರೂ ಇವತ್ತಿಗೂ ಒಪ್ಪಿಲ್ಲ. ಈ ಯುದ್ಧದಾಗ ಹೊಡದಾಂವ ಯಾರು ಅಂತ ಹೇಳೂದ ದೊಡ್ಡ ತಲಿನೋವು.

ನೀವು ಪೆನ್‌ಡ್ರೈವ್ ಹಚ್ಚೂದಿಲ್ಲೇನು?

ಮುಧೋಳ:
ಹೋದ ಹಂಗಾಮಿನಾಗ ಸರ್ವಿಸ್ ಹುಡುಗ ಒಬ್ಬ ಬಂದು ಹಚ್ಚಿ ಪ್ರೋಗ್ರಾಂ ಹಾಕಿ ಹೋದ್ರಿ. ಅದರಾಗ ಡಿಜೆ ಹಾಡೂ ಇದ್ದೂ.

ಉತ್ತರ:
ಅಲ್ಲೇ ಐತಿ ನೋಡ್ರಿ ನಿಮ್ಮ ಇಂಟರ್‌ನೆಟ್. ಪ್ಲಾಂಟಿಗಂತ ಒಂದು ಪೆನ್‌ಡ್ರೈವ್ ಬ್ಯಾರೆ ಇಡ್ರಿ, ಹೊರಗಿಂದು ಯಾವುದಾದ್ರೂ ಬ್ಯಾರೆ ಕಂಪ್ಯೂಟರಿನಾಗ ಸ್ಕ್ಯಾನ್ ಮಾಡಿದ ಮ್ಯಾಲ ಒಳಗ ಬಿಡ್ರಿ. ಪಿಎಲ್‌ಸಿ ಪ್ರೋಗ್ರಾಮಿನ ಪ್ರತಿ ಒಂದು ಬೀರುವಿನಾಗ ಇರಲಿ. ಮಷೀನಿನ ಮ್ಯಾಲಿನ ಮುಳ್ಳಿನ ಮೀಟರ್ ಕಿತ್ತು ಒಗೀಬ್ಯಾಡ್ರಿ. ಪರದೆ ಒಂದು ಹೇಳಿ ಮಷೀನಿನ ಸಪ್ಪಳ ಇನ್ನೊಂದು ಹೇಳಿದ್ರ ಸಪ್ಪಳಾನ ನಂಬ್ರಿ.

ನವನಗರ:
ಸರ, ಅವ್ವಗ ಹೇಳ್ದೆ. ಚೀಲ ಒಳಗ ಒಯ್ದಳು, ಬಿಚ್ಚಿಲ್ಲ. ‘ನಾರಾಯಣಪುರದವರಿಗೆ ಯಾರರೆ ಹೇಳೀರೇನು?’ ಅಂತ ಕೇಳಾಕತ್ತಾಳ.