ಸಂಡೇ ಸ್ಕೂಲಿನ ಮೇಲ್ವಿಚಾರಣೆ ಒಪ್ಪಿಕೊಳ್ಳಲೇ? ಅನುಭವವುಳ್ಳವರು ತಿಳಿಸಿ

ಕೇಳಿದವರು: ಇಬ್ಬರು ಮಕ್ಕಳ ತಾಯಿ

ನನಗೆ 13 ಮತ್ತು 9 ವರ್ಷದ ಇಬ್ಬರು ಮಕ್ಕಳು. ಪತಿಯದು ಪಾಳಿಯ ಕೆಲಸವಾದ್ದರಿಂದ ತಿಂಗಳಿಗೆ ಎರಡು ಭಾನುವಾರ ಅವರು ಮನೆಯಲ್ಲಿರುವುದಿಲ್ಲ. ಆರು ವರ್ಷಗಳಿಂದ ಚರ್ಚಿನ ಗಾಯನವೃಂದದಲ್ಲಿದ್ದೇನೆ, ಬಲಿಪೀಠದ ಹೂವಿನ ಸರದಿಯೂ ನನ್ನ ಪಾಲಿಗಿದೆ. ಈಗ ಮಕ್ಕಳಿಗೆ ಬೈಬಲ್ ಕಲಿಸುವ ಸಂಡೇ ಸ್ಕೂಲಿನ ಮೇಲ್ವಿಚಾರಣೆಯನ್ನೂ ವಹಿಸಿಕೊಳ್ಳಬೇಕೆಂದು ಸಭಾಪಾಲಕರು ಕೇಳಿದ್ದಾರೆ. ಪತಿಯನ್ನು ಕೇಳಿದರೆ ‘ನಿನ್ನಿಷ್ಟ’ ಎನ್ನುತ್ತಾರೆ. ಅದು ಒಪ್ಪಿಗೆಯೋ ಬೇಸರವೋ ತಿಳಿಯುತ್ತಿಲ್ಲ. ಬರುವ ಭಾನುವಾರದೊಳಗೆ ಉತ್ತರ ಹೇಳಬೇಕಾಗಿದೆ.

ಹಳೆಯ ಮೇಲ್ವಿಚಾರಕಿ

ನಾನು 19 ವರ್ಷ ಸಂಡೇ ಸ್ಕೂಲ್ ನಡೆಸಿದವಳು. ಹೊರಗಿನವರ ಕಣ್ಣಿಗೆ ಅದು ವಾರಕ್ಕೊಂದು ಗಂಟೆಯ ಪಾಠ. ಒಂದು ವರ್ಷ ಹಟಕ್ಕೆ ಬಿದ್ದು ಎಲ್ಲದರ ಲೆಕ್ಕ ಬರೆದಿಟ್ಟೆ: ಪಾಠದ ಸಿದ್ಧತೆಗೆ ವಾರಕ್ಕೆ ಮೂರೂವರೆ ಗಂಟೆ, ಬರಲಾಗದೆಂದು ಕೊನೆಯ ಗಳಿಗೆಯಲ್ಲಿ ತಿಳಿಸುವ ಶಿಕ್ಷಕರಿಗೆ ಬದಲಿ ಹುಡುಕಲು ಶನಿವಾರ ಸಂಜೆ ಒಂದೂಕಾಲು ಗಂಟೆ, ಕೋಣೆ ಗುಡಿಸಿ ಕುರ್ಚಿ ಜೋಡಿಸಲು 40 ನಿಮಿಷ, ಡಿಸೆಂಬರಿನಲ್ಲಿ ನಾಟಕದ ತಾಲೀಮಿಗೆ ಇದಲ್ಲದೆ ಒಂಬತ್ತು ಗಂಟೆ. ಬಣ್ಣದ ಕಾಗದ, ಅಂಟು, ಬಹುಮಾನದ ಪುಸ್ತಕಗಳಿಗೆಲ್ಲ ನನ್ನ ಕೈಯಿಂದಲೇ ಹಣ ಹೋಗುತ್ತಿತ್ತು, ಏಕೆಂದರೆ ಖಜಾಂಚಿಯ ಮುಂದೆ ರಸೀದಿ ಹಿಡಿದು ನಿಲ್ಲಲು ನನಗೆ ಸಂಕೋಚ. ಒಂದು ಕ್ರಿಸ್ಮಸ್ಸಿಗೆ ಕುರುಬರ ನಿಲುವಂಗಿಗಳನ್ನೇ ಹನ್ನೊಂದು ಹೊಲಿದೆ. ನಾಟಕದ ಹಿಂದಿನ ರಾತ್ರಿ ಮಗನಿಗೆ ಜ್ವರ ಏರಿ, ಅವನ ಹಣೆಯ ಒದ್ದೆ ಬಟ್ಟೆಯನ್ನು ಬದಲಿಸುತ್ತಲೇ ದೇವದೂತನ ರೆಕ್ಕೆಗೆ ತಂತಿ ಸುತ್ತಿದೆ. ಮರುದಿನ ಎಡಗಡೆಯ ರೆಕ್ಕೆ ವೇದಿಕೆಯ ಮೇಲೆಯೇ ಕಳಚಿ ಬಿತ್ತು. ದೇವದೂತನಾಗಿದ್ದ ಹುಡುಗಿ ಅದನ್ನು ಎತ್ತಿ ಕಂಕುಳಲ್ಲಿ ಇಟ್ಟುಕೊಂಡು ಶುಭವಾರ್ತೆಯನ್ನು ಪೂರ್ತಿ ಹೇಳಿದಳು. ಅವಳು ಈಗ ತನ್ನ ಮಗಳನ್ನು ಅದೇ ಕೋಣೆಗೆ ಕರೆತರುತ್ತಾಳೆ. ಧಾರಾಳವಾಗಿ ಒಪ್ಪಿಕೊಳ್ಳಿ.

ಸ್ವಯಂಸೇವಕಿಯೊಬ್ಬರ ಪತಿ

ಮೇಲಿನ ಲೆಕ್ಕದಲ್ಲಿ ಮನೆಯವರ ಗಂಟೆಗಳು ಸೇರಿಲ್ಲ. ನನ್ನ ಹೆಂಡತಿ 12 ವರ್ಷ ದುಡಿದಳು. ಈಸ್ಟರ್ ಮಾರ್ಚ್ 22ರಿಂದ ಏಪ್ರಿಲ್ 25ರವರೆಗೆ ಯಾವ ಭಾನುವಾರ ಬಂದರೂ ಅದರ ಹಿಂದಿನ 40 ದಿನಗಳ ತಪಸ್ಸುಕಾಲವನ್ನು ನಾನು ಮತ್ತು ಮಕ್ಕಳು ನಿಜವಾಗಿಯೂ ತಪಸ್ಸಿನಂತೆಯೇ ಕಳೆದೆವು. ಈಸ್ಟರಿಗೆ ಒಂದು ವಾರ ಮುಂಚಿನ ಗರಿಗಳ ಭಾನುವಾರದಿಂದ ಶನಿವಾರದ ಜಾಗರಣೆಯವರೆಗೆ ಆಕೆ ಮನೆಗೆ ಬರುತ್ತಿದ್ದದ್ದು ಮಲಗುವುದಕ್ಕೆ ಮಾತ್ರ. ನಾನೂ ‘ನಿನ್ನಿಷ್ಟ’ ಎಂದವನೇ. ನನ್ನ ಬಾಯಲ್ಲಿ ಅದು ಒಪ್ಪಿಗೆಯಾಗಿರಲಿಲ್ಲ. ಬೇಡವೆಂದರೆ ದೇವರ ಕೆಲಸಕ್ಕೆ ಅಡ್ಡ ಬಂದವನಾಗುತ್ತೇನೆಂಬ ಅಂಜಿಕೆಯಾಗಿತ್ತು.

ಒಂದು ಸಂಜೆ ಮಡಚುವ ಕುರ್ಚಿಗಳನ್ನು ಒಬ್ಬಳೇ ಎತ್ತಿಡುವಾಗ ಆಕೆಯ ಬೆನ್ನು ಹಿಡಿದುಕೊಂಡು ಆರು ವಾರ ಹಾಸಿಗೆ ಹಿಡಿಯಬೇಕಾಯಿತು. ಮೊದಲ ವಾರ ಆರಾಧನೆಯಲ್ಲಿ ಆಕೆಗಾಗಿ ಪ್ರಾರ್ಥಿಸಿದರು, ಎರಡನೆಯ ವಾರ ಹೂಗುಚ್ಛ ಬಂತು, ಮೂರನೆಯ ವಾರ ಬಂದದ್ದು ಬೀರುವಿನ ಕೀಲಿ ಎಲ್ಲಿದೆ ಎಂದು ಕೇಳುವ ದೂರವಾಣಿ ಕರೆ. ಕುರ್ಚಿಗಳನ್ನು ಈಗ ಯಾರು ಎತ್ತಿಡುತ್ತಾರೆಂದು ನಾನು ಕೇಳಿದೆ. ಅವುಗಳನ್ನು ಹಾಗೆಯೇ ಬಿಟ್ಟಿದ್ದಾರಂತೆ.

ಬಿಟ್ಟುಬಂದವಳು

ಎಂಟು ವರ್ಷ ಮಾಡಿ ಬಿಟ್ಟವಳು ನಾನು, ಬಿಟ್ಟದ್ದಕ್ಕೆ ನಾಚಿಕೆಯಿಲ್ಲ. ಪ್ರತಿ ವರ್ಷ ತಾಯಂದಿರ ದಿನದಂದು ಬೈಬಲಿನ ಜ್ಞಾನೋಕ್ತಿಗಳ 31ನೆಯ ಅಧ್ಯಾಯದ ಗುಣವತಿಯಾದ ಸತಿಯ ಮೇಲೆ ಪ್ರಸಂಗ ಕೇಳಿ ಕೇಳಿ ಆ 22 ವಚನಗಳು ನನಗೆ ಬಾಯಿಪಾಠವಾಗಿವೆ. ಹೀಬ್ರೂ ಅಕ್ಷರಮಾಲೆಯ ಕ್ರಮದಲ್ಲಿ ಕಟ್ಟಿದ ಆ ಪದ್ಯದಲ್ಲಿ ಆಕೆ ಹೊಲ ಕೊಳ್ಳುತ್ತಾಳೆ, ದ್ರಾಕ್ಷಿ ತೋಟ ಹಾಕುತ್ತಾಳೆ, ರಾತ್ರಿಯೂ ಆಕೆಯ ದೀಪ ಆರುವುದಿಲ್ಲ. ಆಕೆಗೆ ದಾಸಿಯರಿದ್ದರೆಂದು 15ನೆಯ ವಚನದಲ್ಲಿ ಸ್ಪಷ್ಟವಾಗಿದೆ, ಆದರೆ ಪ್ರಸಂಗದಲ್ಲಿ ಆ ದಾಸಿಯರು ಒಮ್ಮೆಯೂ ಕಾಣಿಸಿಕೊಂಡದ್ದನ್ನು ನಾನು ಕೇಳಿಲ್ಲ. 1780ರಲ್ಲಿ ಇಂಗ್ಲೆಂಡಿನ ಗ್ಲಾಸ್ಟರಿನಲ್ಲಿ ರಾಬರ್ಟ್ ರೈಕ್ಸ್ ಆರಂಭಿಸಿದ ಸಂಡೇ ಸ್ಕೂಲಿನಲ್ಲಿ, ವಾರವೆಲ್ಲ ದುಡಿಯುವ ಬಡಮಕ್ಕಳಿಗೆ ಓದು ಕಲಿಸಿದ ಹೆಂಗಸರಿಗೆ ಸಂಬಳವಿತ್ತು. ನಮಗೆ ಸಿಕ್ಕಿದ್ದು ವರ್ಷಕ್ಕೊಮ್ಮೆ ಚಪ್ಪಾಳೆ, ಅದರಲ್ಲೂ ಒಂದು ವರ್ಷ ಹೆಸರುಗಳ ಪಟ್ಟಿಯಿಂದ ನನ್ನ ಹೆಸರು ಬಿಟ್ಟುಹೋಗಿತ್ತು. ಮುಂದಿನ ವಾರ ಪ್ರಕಟಣೆಯಲ್ಲಿ ಸರಿಪಡಿಸುತ್ತೇವೆಂದರು, ಸರಿಪಡಿಸಲಿಲ್ಲ.

ಹಳೆಯ ಮೇಲ್ವಿಚಾರಕಿ

ಪಟ್ಟಿಯಲ್ಲಿ ಹೆಸರು ಬರಲಿಲ್ಲವೆಂಬ ಸಿಟ್ಟಿಗೆ ರೈಕ್ಸರನ್ನು ಸಾಕ್ಷಿಗೆ ಕರೆಯಬೇಕಾಗಿರಲಿಲ್ಲ, ಸಹೋದರಿ. ಸಂಬಳದ ಆ ಶಾಲೆ ಊರೂರಿಗೆ ಹಬ್ಬಿದ್ದು ಸಂಬಳವಿಲ್ಲದೆ ಕಲಿಸುವವರು ಮುಂದೆ ಬಂದ ಮೇಲೆಯೇ. ಯೇಸುವಿನ ಉಪಚಾರದಲ್ಲಿ ಸಹೋದರಿ ತನಗೆ ನೆರವಾಗುತ್ತಿಲ್ಲವೆಂದು ದೂರಿದ ಮಾರ್ಥಳಂತೆ ಗೊಣಗುತ್ತ ಮಾಡುವುದಾದರೆ ಮಾಡದಿರುವುದೇ ಒಳ್ಳೆಯದು.

ಬಿಟ್ಟುಬಂದವಳು

ಮಾರ್ಥಳ ಗೊಣಗಾಟಕ್ಕಾಗಿ ಲೂಕನ ಸುವಾರ್ತೆಯ 10ನೆಯ ಅಧ್ಯಾಯವನ್ನು ತೆರೆಯುವವರೆಲ್ಲ ಯೋಹಾನನ 11ನೆಯದನ್ನೂ ಓದಲಿ. ತಮ್ಮ ಸತ್ತ ದುಃಖದಲ್ಲಿಯೂ ಯೇಸುವನ್ನು ಎದುರುಗೊಳ್ಳಲು ಹೊರಟು, ನೀನೇ ಕ್ರಿಸ್ತನೆಂದು ಬಾಯಿಬಿಟ್ಟು ಹೇಳಿದವಳು ಅದೇ ಮಾರ್ಥಳು. ಆಕೆ ಕೇಳಿದ್ದು ಜೊತೆಗೆ ಇನ್ನೊಂದು ಕೈ. ನಾನು ಕೇಳಿದ್ದೂ ಅಷ್ಟೇ, ನಾಲ್ಕು ವರ್ಷ ಕೇಳಿದೆ.

ಧರ್ಮಕೇಂದ್ರದ ವಾಚಕಿ

ನಿಮ್ಮ ಜಗಳದ ನಡುವೆ ನನ್ನದನ್ನೂ ಹೇಳಿಬಿಡುತ್ತೇನೆ. ನಮ್ಮದು ಕಥೋಲಿಕ ಧರ್ಮಕೇಂದ್ರ. 22 ವರ್ಷಗಳಿಂದ ಬಲಿಪೂಜೆಯಲ್ಲಿ ಬೈಬಲ್ ವಾಚನ ಓದುತ್ತಿದ್ದೇನೆ, ಆದರೆ ವಾಚಕ ಪದವಿಗೆ ವಿಧಿವತ್ತಾಗಿ ನೇಮಿಸುವುದು ಗಂಡಸರನ್ನು ಮಾತ್ರ ಎಂಬ ನಿಯಮವನ್ನು ಪೋಪ್ ಫ್ರಾನ್ಸಿಸ್ ಬದಲಿಸಿದ್ದು 2021ರ ಜನವರಿಯಲ್ಲಿ. ಅಲ್ಲಿಯವರೆಗೆ ನಾನು ತಾತ್ಕಾಲಿಕಳು. ಬಟ್ಟೆ ಒಗೆಯುವುದಕ್ಕೆ ಮಾತ್ರ ಯಾವ ನಿಯಮವೂ ಅಡ್ಡ ಬರಲಿಲ್ಲ. ಪಾನಪಾತ್ರೆ ಒರೆಸುವ ಬಿಳಿ ವಸ್ತ್ರಗಳನ್ನು ಮೊದಲು ನೀರಿನಲ್ಲಿ ನೆನೆಸಿ, ಆ ನೀರನ್ನು ಚರಂಡಿಗೆ ಬಿಡದೆ ಮಣ್ಣಿಗೆ ಸುರಿದು, ಆಮೇಲೆ ಒಗೆದು, ಮೂರು ಮಡಿಕೆ ಮಾಡಿ ಇಸ್ತ್ರಿ ಹಾಕಬೇಕು. ಮಕ್ಕಳು ಚಿಕ್ಕವರಿದ್ದಾಗ ಅವರ ಸಮವಸ್ತ್ರಕ್ಕಿಂತ ಮೊದಲು ಆ ವಸ್ತ್ರಗಳಿಗೆ ಇಸ್ತ್ರಿಯಾಗುತ್ತಿತ್ತು. ಮಗಳು ಇಂದಿಗೂ ಅದನ್ನು ಎತ್ತಿ ಆಡುತ್ತಾಳೆ. ಗಂಜಿ ಮಾತ್ರ ಹಾಕಬಾರದು, ಹಾಕಿದ ವಸ್ತ್ರ ತೇವವನ್ನು ಹೀರುವುದಿಲ್ಲ.

ಹಳೆಯ ಮೇಲ್ವಿಚಾರಕಿ

ತೆಳುವಾಗಿ ಹಾಕಿದರೆ ಹೀರುತ್ತದೆ. ನಾವು ಹಾಕುತ್ತೇವೆ.

ಧರ್ಮಕೇಂದ್ರದ ವಾಚಕಿ

ಬಲಿಪೀಠದ ಮೇಲ್ಹೊದಿಕೆಗೆ ಹಾಕುತ್ತಿರಬಹುದು. ನಾನು ಹೇಳುತ್ತಿರುವುದು ಒರೆಸುವ ವಸ್ತ್ರದ ಮಾತು, ಎರಡಕ್ಕೂ ವ್ಯತ್ಯಾಸವಿದೆ.

ಕೇಳಿದವರು: ಇಬ್ಬರು ಮಕ್ಕಳ ತಾಯಿ

ಎಲ್ಲರಿಗೂ ವಂದನೆಗಳು. ನಿನ್ನೆ ರಾತ್ರಿ ‘ನಿನ್ನಿಷ್ಟ’ ಎಂದರೆ ಏನೆಂದು ಪತಿಯನ್ನು ನೇರವಾಗಿ ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು, ಪಾಳಿಯಿಲ್ಲದ ಭಾನುವಾರಗಳಲ್ಲಿ ತಾವು ಚರ್ಚಿಗೆ ಬಂದಾಗಲೂ ಪಕ್ಕದಲ್ಲಿ ನಾನಿರುವುದಿಲ್ಲ, ಮಕ್ಕಳಿಬ್ಬರನ್ನು ಕೂರಿಸಿಕೊಂಡು ಮೇಲಿನ ಗಾಯನವೃಂದದ ಕಡೆ ನೋಡುತ್ತಿರುವುದಾಗಿ ಹೇಳಿದರು. ಹೂವಿನ ಸರದಿಯನ್ನು ಬೇರೆಯವರಿಗೆ ಒಪ್ಪಿಸಿ, ಗಾಯನವೃಂದದಿಂದ ಒಂದು ವರ್ಷ ಬಿಡುವು ಕೊಟ್ಟರೆ ಮೇಲ್ವಿಚಾರಣೆಯನ್ನು ಒಪ್ಪಿಕೊಳ್ಳುತ್ತೇನೆಂದು ಸಭಾಪಾಲಕರಿಗೆ ಬರೆದು ಕೊಡಲಿದ್ದೇನೆ. ಅವರು ಏನೆನ್ನುವರೋ ತಿಳಿಯದು.

ಸ್ವಯಂಸೇವಕಿಯೊಬ್ಬರ ಪತಿ

ಪತ್ರದಲ್ಲಿ ಇನ್ನೊಂದು ಸಾಲು ಸೇರಿಸಿ: ಬೀರುವಿನ ಕೀಲಿಗೆ ನಕಲು ಮಾಡಿಸಿ ಕನಿಷ್ಠ ಮೂವರ ಬಳಿ ಇರಿಸಬೇಕು.

ಹಳೆಯ ಮೇಲ್ವಿಚಾರಕಿ

ಖಂಡಿತ ಬೇಡ. ಮೂವರ ಬಳಿ ಕೀಲಿಯಿದ್ದ ವರ್ಷವೇ ನಾನು ಹೊಲಿದ ಹನ್ನೊಂದು ನಿಲುವಂಗಿಗಳಲ್ಲಿ ನಾಲ್ಕು ಕಾಣೆಯಾದವು, ತೆಗೆದುಕೊಂಡವರು ಯಾರೆಂದು ಮೂವರಲ್ಲಿ ಒಬ್ಬರೂ ಇಂದಿನವರೆಗೆ ಹೇಳಿಲ್ಲ.