ಕ್ಲಬ್ ಲೀಸಿಗೆ ತಗೊಂಡ ಜಾಗದೊಳಗೆ ಹಳೇ ಗುಂಬಜ್ ಇದ್ದರೆ ನಾವು ನೋಡೋಕೂ ಹೋಗಬಾರದಾ?

ಬೀದರ್‌ನವ:
ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಬೀದರ್ ಊರಂಚಿಗೆ. ಹತ್ತಿರದಲ್ಲೇ ಒಂದು ಹಳೇ ಗುಂಬಜ್ ಇದೆ. ಅಷ್ಟೂರಿನ ಬಹಮನಿ ಸುಲ್ತಾನರ ಗುಂಬಜ್‌ಗಳಷ್ಟು ದೊಡ್ಡದಲ್ಲ, ಹೆಸರೂ ಯಾರಿಗೂ ಗೊತ್ತಿಲ್ಲ. ಚಿಕ್ಕವರಿದ್ದಾಗ ಎಳ್ಳ ಅಮಾವಾಸ್ಯೆ ದಿನ ಹೊಲದಲ್ಲಿ ಭಜ್ಜಿ, ಸಜ್ಜೆ ರೊಟ್ಟಿ ಉಂಡು ಬರುವಾಗ ಅಜ್ಜಿ ಅದರ ನೆರಳಿಗೆ ಕೂರುತ್ತಿದ್ದಳು. ನಾವು ಒಳಗೆ ಹೋಗಿ ಕೂಗುತ್ತಿದ್ದೆವು, ನಮ್ಮ ದನಿ ಸುತ್ತಿಕೊಂಡು ವಾಪಸ್ ಬರುತ್ತಿತ್ತು.

ಪಕ್ಕದ ಸರ್ಕಾರಿ ಜಾಗ ಒಂದು ಕ್ಲಬ್‌ಗೆ ಲೀಸ್ ಆಗಿ ಎಷ್ಟೋ ವರ್ಷ ಆಯಿತು. ಮೊದಲು ಟೆನಿಸ್ ಕೋರ್ಟ್ ಅಷ್ಟೇ ಇತ್ತು. ಹೋದ ವರ್ಷ ಕಾಂಪೌಂಡ್ ಎದ್ದಿತು, ಗುಂಬಜ್ ಅದರೊಳಗೆ ಸೇರಿಕೊಂಡಿತು. ಮಗಳಿಗೆ ತೋರಿಸೋಣ ಅಂತ ಹೋದರೆ ಗೇಟಿನಲ್ಲಿ ಮೆಂಬರ್ ಕಾರ್ಡ್ ಕೇಳಿದರು. ಗೋಡೆಗೆ ಮೊಳೆ ಹೊಡೆದು ಲೈಟಿನ ಸರ ಕಟ್ಟಿದ್ದಾರೆ, ಒಳಗೆ ಪ್ಲಾಸ್ಟಿಕ್ ಕುರ್ಚಿಗಳ ರಾಶಿ. ಹೊರಗಿನಿಂದಲೇ ನೋಡಿ ಹೊಟ್ಟೆ ಉರಿಯಿತು. ಲೀಸ್ ಅವಧಿ ಮುಗಿದಿದೆ ಅಂತ ಊರಲ್ಲಿ ಮಾತಿದೆ. ಯಾರನ್ನು ಕೇಳಬೇಕು, ಎಲ್ಲಿಂದ ಶುರು ಮಾಡಬೇಕು?

ತಹಸಿಲ್ ಕಟ್ಟೆ:
ಅಣ್ಣಾ, ಜಗಳಕ್ಕೆ ಮೊದಲು ಕಾಗದ. ಸರ್ವೆ ನಂಬರ್ ಹುಡುಕಿ ಪಹಣಿ ತೆಗೆಸಿ. 9ನೇ ಕಾಲಂನಲ್ಲಿ ಮಾಲೀಕರು ಅಂತ ಯಾರ ಹೆಸರಿದೆ, ಇತರ ಹಕ್ಕು, ಋಣ ಬರೆಯೋ 11ನೇ ಕಾಲಂನಲ್ಲಿ ಏನಿದೆ ನೋಡಿ. ಗುಂಬಜ್ ಇರುವ ಜಾಗ ವಕ್ಫ್ ಆಸ್ತಿಯ ಗೆಜೆಟ್‌ನಲ್ಲಿ ಇದೆಯಾ ಅನ್ನೋದನ್ನೂ ನೋಡಿ, ಇದ್ದರೆ ದಾರಿನೇ ಬೇರೆ. ಆಮೇಲೆ ಮಾಹಿತಿ ಹಕ್ಕಿನಲ್ಲಿ ಲೀಸ್ ಆದೇಶ, ನಕ್ಷೆ, ಷರತ್ತು, ಬಾಡಿಗೆ ಕಟ್ಟಿದ ರಸೀದಿ ಕೇಳಿ. ಫೀ 10 ರೂಪಾಯಿ, 30 ದಿನದಲ್ಲಿ ಉತ್ತರ ಕೊಡಬೇಕು. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಅದೂ 150 ಪದದೊಳಗೆ. ಅಜ್ಜಿ ಕಥೆಯೆಲ್ಲ ಬರೆದರೆ ಅದನ್ನೇ ನೆಪ ಮಾಡಿ ವಾಪಸ್ ಕಳಿಸುತ್ತಾರೆ, ನನಗೇ ಆಗಿದೆ. ನಕ್ಷೆ ಮಾತ್ರ ಬಿಡಬೇಡಿ. ಲೀಸ್ ಕೊಟ್ಟಿದ್ದು ಎಷ್ಟು ಎಕರೆಗೆ, ಕಾಂಪೌಂಡ್ ಹಾಕಿದ್ದು ಎಷ್ಟಕ್ಕೆ ಅನ್ನೋದು ಅಲ್ಲೇ ಗೊತ್ತಾಗುತ್ತೆ.

ಸಂಜೆ ಆಟ:
ನಾನೂ ಬೇರೆ ಊರಿನ ಒಂದು ಕ್ಲಬ್ ಮೆಂಬರ್, ನೇರವಾಗಿ ಹೇಳುತ್ತೇನೆ. ಮೊಳೆ ಹೊಡೆದಿದ್ದು ತಪ್ಪು. ಆದರೆ ಕ್ಲಬ್ ಇಲ್ಲದಿದ್ದರೆ ಅಲ್ಲಿ ಇಸ್ಪೀಟು, ಬಾಟಲಿ, ಗೋಡೆ ಮೇಲೆ ಹೆಸರು ಕೆತ್ತೋದು ನಡೆಯುತ್ತಿತ್ತು. ಕಾವಲು ಇರೋದಕ್ಕೇ ಎಷ್ಟೋ ಗುಂಬಜ್ ಉಳಿದಿವೆ.

ಕೋಟೆ ಓಣಿ, ಕಲಬುರಗಿ:
ಕಾವಲು ಬೇಕು ಸರ್, ಒಪ್ಪುತ್ತೇನೆ. ಆದರೆ ಕಾವಲು ಕಾಯೋರು ಮಾಲೀಕರಾಗಬಾರದು ಅಲ್ವಾ. ನಾನು ವಕೀಲೆ, ಗೊತ್ತಿರೋದು ಹೇಳುತ್ತೇನೆ.

ಲೀಸ್ ಕೊಡೋದು ನೆಲ ಬಳಸೋ ಹಕ್ಕನ್ನು ಮಾತ್ರ, ಅದರಿಂದ ಸ್ಮಾರಕ ಕ್ಲಬ್‌ನದ್ದಾಗಲ್ಲ. ಗುಂಬಜ್ ಕೇಂದ್ರ ಪುರಾತತ್ವ ಇಲಾಖೆಯ ಪಟ್ಟಿಯಲ್ಲಿದ್ದರೆ ಪ್ರಾಚೀನ ಸ್ಮಾರಕಗಳ 1958ರ ಕಾಯ್ದೆ ಬರುತ್ತೆ. ಅದರ 18ನೇ ಸೆಕ್ಷನ್, ನಿಯಮಗಳಿಗೆ ಒಳಪಟ್ಟು, ಸಂರಕ್ಷಿತ ಸ್ಮಾರಕಕ್ಕೆ ಹೋಗೋ ಹಕ್ಕನ್ನು ಜನರಿಗೆ ಕೊಡುತ್ತೆ. ಮೆಂಬರ್ ಕಾರ್ಡ್ ಮಾತೇ ಬರಲ್ಲ. 2010ರ ತಿದ್ದುಪಡಿ ಪ್ರಕಾರ ಸುತ್ತ 100 ಮೀಟರ್ ಒಳಗೆ ಹೊಸದಾಗಿ ಕಟ್ಟೋ ಹಾಗಿಲ್ಲ, ಅದರಾಚೆ 200 ಮೀಟರ್‌ಗೆ ಅನುಮತಿ ಬೇಕು. ಸ್ಮಾರಕಕ್ಕೆ ಹಾನಿ ಮಾಡಿದರೆ 2 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ, ಇಲ್ಲಾ ಎರಡೂ. ರಾಜ್ಯದ ಪಟ್ಟಿಯಲ್ಲಿದ್ದರೆ ನಮ್ಮ 1961ರ ಕಾಯ್ದೆ.

ಎರಡರಲ್ಲೂ ಇಲ್ಲ ಅಂದರೂ ಕೈ ಚೆಲ್ಲಬೇಡಿ. ದೆಹಲಿಯ ಡಿಫೆನ್ಸ್ ಕಾಲೊನಿಯಲ್ಲಿ ಶೇಖ್ ಅಲಿ ಗುಮ್ಟಿ ಅಂತ ಲೋದಿ ಕಾಲದ ಗುಂಬಜ್ ಇದೆ. ಅಲ್ಲಿನ ನಿವಾಸಿಗಳ ಸಂಘ 1960ರ ದಶಕದಿಂದ ಅದನ್ನೇ ಆಫೀಸ್ ಮಾಡಿಕೊಂಡು, ಫಾಲ್ಸ್ ಸೀಲಿಂಗ್ ಕೂಡ ಹಾಕಿಸಿತ್ತು. ಅದು ಸಂರಕ್ಷಿತ ಪಟ್ಟಿಯಲ್ಲಿ ಇರಲೇ ಇಲ್ಲ. ನಾವು ಇರೋದಕ್ಕೇ ಇದು ಉಳಿದಿದೆ ಅಂತ ಅವರೂ ವಾದ ಮಾಡಿದರು. ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. 2025ರಲ್ಲಿ ಖಾಲಿ ಮಾಡಿಸಿ, 40 ಲಕ್ಷ ರೂಪಾಯಿ ಕಟ್ಟಲು ಹೇಳಿತು. ಅಲ್ಲಿ ಲೀಸ್ ಇರಲಿಲ್ಲ, ನಿಮ್ಮಲ್ಲಿ ಇದೆ ಅಥವಾ ಇತ್ತು, ಅಷ್ಟು ವ್ಯತ್ಯಾಸ. ಸುಪ್ರೀಂ ಕೋರ್ಟ್ ಲೀಸನ್ನೇ ರದ್ದು ಮಾಡಿದ್ದೂ ಉಂಟು. ಹಿಮಾಚಲದ ಬಿಯಾಸ್ ನದಿ ದಂಡೆಯ ಮೋಟೆಲ್ ಕೇಸಿನಲ್ಲಿ, ಇಂಥ ಜಾಗವನ್ನು ಸರ್ಕಾರ ಜನರ ಪರವಾಗಿ ಇಟ್ಟುಕೊಂಡಿರುತ್ತೆ ಅಷ್ಟೇ ಅಂತ ಹೇಳಿ ಲೀಸ್ ತೆಗೆದುಹಾಕಿದರು. ಅದು ಎಂ.ಸಿ. ಮೆಹ್ತಾ ವಿರುದ್ಧ ಕಮಲ್ ನಾಥ್ ಪ್ರಕರಣ, ತೀರ್ಪುಗಳನ್ನು ಅಚ್ಚು ಹಾಕೋ 1997ರ ಕಾನೂನು ವರದಿಗಳಲ್ಲಿ ಸಿಗುತ್ತೆ.

ಈಗಲೇ ಕೋರ್ಟಿಗೆ ಬೇಡ. ಮೊದಲು ಡಿಸಿಗೆ, ಪುರಾತತ್ವ ಇಲಾಖೆಗೆ ತಾರೀಖು ಹಾಕಿದ ಫೋಟೊ ಸಮೇತ ಅರ್ಜಿ ಕೊಟ್ಟು ಸ್ವೀಕೃತಿ ತಗೊಳ್ಳಿ. ಕದಲದಿದ್ದರೆ ಹೈಕೋರ್ಟ್ ಪೀಠ ಇಲ್ಲೇ ಕಲಬುರಗಿಯಲ್ಲಿದೆ, 2013ರಿಂದ ಕಾಯಂ. ಬೆಂಗಳೂರಿಗೆ ಓಡಬೇಕಿಲ್ಲ.

ಬೀದರ್‌ನವ:
ಅಕ್ಕಾ, ತುಂಬಾ ಉಪಕಾರ ಆಯಿತು. ಇವತ್ತು ಪಹಣಿ ತೆಗೆಸಿದೆ, 9ನೇ ಕಾಲಂನಲ್ಲಿ ‘ಸರ್ಕಾರಿ’ ಅಂತಲೇ ಇದೆ. ಮಾಹಿತಿ ಹಕ್ಕಿನ ಅರ್ಜಿ ಬರೆದೆ, ಅಜ್ಜಿಯನ್ನು ಬಿಟ್ಟು 112 ಪದ ಆಯಿತು. ನಾಳೆ ಕೊಡೋ ಮೊದಲು ಇಲ್ಲಿ ಹಾಕುತ್ತೇನೆ, ಒಂದು ಸಲ ಕಣ್ಣಾಡಿಸುತ್ತೀರಾ?